ಮುತ್ತಾತನ ಚರಿತ್ರೆ ತಿಳಿಯಲು ಮೊದಲು ಡಿಎನ್‌ಎ ಪರೀಕ್ಷೆ ಮಾಡಿಸಲೇ, ನಾಡಕಚೇರಿಯ ವಂಶವೃಕ್ಷ ತೆಗೆಸಲೇ?

ಎರಡೂ ಬೇಡ. ನಾನೂ ನಿಮ್ಮಂತೆ ಒಂದು ಹೆಸರು, ಒಂದು ಊರು ಇಷ್ಟನ್ನೇ ಹಿಡಿದು ಹೊರಟವನು. ಶಿರಾ ಸೀಮೆಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ಕ್ರಯಪತ್ರ ಸಿಕ್ಕಿತು. ಶಕವರ್ಷವಿದ್ದ ಮೇಲಿನ ಸಾಲುಗಳನ್ನು ಗೆದ್ದಲು ತಿಂದಿತ್ತು. ಉಳಿದದ್ದು ಧಾತು ಸಂವತ್ಸರದ ಮಾಘ ಬಹುಳದ ಒಂದು ತಿಥಿ, ವಾರ, ಹೊಲದ ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ), ಕೊನೆಯಲ್ಲಿ ಮುತ್ತಾತನ ಹೆಸರು ಮತ್ತು ರುಜುವಿನ ಬದಲು ನೇಗಿಲಿನ ಗುರುತು.

ಧಾತು ಎಂದರೆ 1936–37, ಆದ್ದರಿಂದ ಮುತ್ತಾತ 1937ರ ಆರಂಭದಲ್ಲಿ ಹೊಲ ಮಾರಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ, 1876–77 ಕೂಡ ಧಾತುವೇ, ಮೊಮ್ಮಗನಿಗೆ ತಾತನ ಹೆಸರಿಡುವ ನಮ್ಮ ಮನೆತನದಲ್ಲಿ ಅದೇ ಹೆಸರಿನವನು ಆಗಲೂ ಇದ್ದಿರಬಹುದು ಎಂಬುದು ಹೊಳೆಯಲೇ ಇಲ್ಲ. 1937ರ ಪತ್ರವಾಗಿದ್ದರೆ ಸರ್ವೆ ನಂಬರ್ ಇರಬೇಕಿತ್ತು, ಅದೇ ಇಲ್ಲದ ಪತ್ರವನ್ನು ಕಂಡಾಗಲಾದರೂ ಅನುಮಾನ ಬರಬೇಕಿತ್ತು. ತಿಥಿಯನ್ನೂ ವಾರವನ್ನೂ ಸೇರಿಸಿ ಎರಡೂ ವರ್ಷಗಳ ಪಂಚಾಂಗಕ್ಕೆ ತಾಳೆ ಹಾಕಿದ್ದರೆ ಒಂದು ಸಂಜೆಯ ಕೆಲಸವಾಗಿತ್ತು. ನಾನು ಎರಡು ವರ್ಷ ಕಚೇರಿ ಅಲೆದೆ. ಹೋಗಲಿ, ಅಲೆದದ್ದು ದೊಡ್ಡದಲ್ಲ. ಮುತ್ತಾತನ ಮಗಳು, ತೊಂಬತ್ತು ದಾಟಿದ್ದ ನಮ್ಮ ಅಜ್ಜಿ, ಆಗ ಬದುಕಿದ್ದರು. ಅವರ ಮುಂದೆ ಕುಳಿತು ಹೊಲ ಏಕೆ ಮಾರಿದರೆಂದು ಮಾತ್ರ ಕೇಳಿದೆ. "ನಮ್ಮಪ್ಪ ಹೊಲ ಮಾರ್ಲಿಲ್ಲ ಕಣಪ್ಪ" ಎಂದರು. ಮುಪ್ಪಿನ ಮರೆವೆಂದುಕೊಂಡು ಎದ್ದು ಬಂದೆ. ಆ ವರ್ಷವೇ ಅವರು ತೀರಿಕೊಂಡರು.

ನಿಜ ತಿಳಿದದ್ದು ಸುಗ್ಗಿಯ ನಂತರ ಎತ್ತಿನೊಂದಿಗೆ ಬಂದ ಹೆಳವರಿಂದ, ಅಂದರೆ ಊರೂರು ಸುತ್ತಿ ಮನೆತನಗಳ ವಂಶಾವಳಿ ಹೇಳುವವರಿಂದ. ಅವರು ನಮ್ಮ ವಂಶಾವಳಿ ಹೇಳುತ್ತ, ಧಾತು ಮತ್ತು ಅದರ ಮರುವರ್ಷ ಈಶ್ವರ ಸಂವತ್ಸರದ (1876–78) ಬರದಲ್ಲಿ ಹೊಲ ಕೊಟ್ಟು ಗುಳೆ ಹೋದವನು ಮುತ್ತಾತನ ತಾತ ಎಂದರು. ಆ ಬರ ಎಂಥದ್ದೆಂದರೆ, 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಡಿಎನ್‌ಎ ಪರೀಕ್ಷೆ ಇದನ್ನೆಲ್ಲ ಹೇಳುವುದಿಲ್ಲ. ನಾಡಕಚೇರಿಯ ವಂಶವೃಕ್ಷ ಖಾತೆ ಬದಲಾವಣೆಗೆ ಬೇಕಾದ ಕಾಗದ, ನೀವು ಬರೆದುಕೊಟ್ಟ ಹೆಸರುಗಳೇ ಅದರಲ್ಲಿ ತಿರುಗಿ ಬರುತ್ತವೆ. ಈ ವಾರವೇ ಮನೆಯ ಅತಿ ಹಿರಿಯರ ಬಳಿ ಹೋಗಿ, ಪ್ರಶ್ನೆ ಕಡಿಮೆ ಮಾಡಿ, ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ ಪುಸ್ತಕ, ಶಾಲೆಯ ದಾಖಲಾತಿ ಪುಸ್ತಕ ಆಮೇಲೆ. ಹೆಳವರು ಯಾವ ತಿಂಗಳು ಬರುತ್ತಾರೆಂದು ಊರಿನಲ್ಲಿ ವಿಚಾರಿಸಿಟ್ಟುಕೊಳ್ಳಿ. ನಮ್ಮೂರಿಗೆ ಅವರು ಮತ್ತೆ ಬಂದದ್ದು ಮೂರು ವರ್ಷದ ಮೇಲೆ.