ಬಲ್ಲವರನ್ನು ಕೇಳಿ: ಸ್ಕಾಟ್ಲೆಂಡಿನ ಹಿರಿಯರ ಜಾಡು

ಪ್ರಶ್ನೆ: ನನ್ನ ತಾಯಿಯ ಅಜ್ಜ ಸ್ಕಾಟ್ಲೆಂಡಿನವರು, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದರಂತೆ. ಹೆಸರು ವಿಲಿಯಂ, ಮನೆತನ ಮ್ಯಾಕೇ. 1889ರಲ್ಲಿ ಪುಣೆಯ ಚರ್ಚೊಂದರಲ್ಲಿ ಮದುವೆಯಾದರು ಅನ್ನುವುದು ಬಿಟ್ಟರೆ ಬೇರೇನೂ ತಿಳಿಯದು. ಸ್ಕಾಟ್ಲೆಂಡಿನ ಜನನ ದಾಖಲೆಗಳ ಸೂಚಿಯಲ್ಲಿ ಆ ಹೆಸರಿನವರು ರಾಶಿ ರಾಶಿ ಸಿಗುತ್ತಾರೆ. ಯಾರನ್ನು ಹಿಡಿಯಲಿ?
— ಓದುಗರು, ಡೊಂಬಿವಿಲಿ

ಉತ್ತರ: ಸದ್ಯಕ್ಕೆ ಸ್ಕಾಟ್ಲೆಂಡನ್ನು ಬದಿಗಿಟ್ಟು ಪುಣೆಯಿಂದಲೇ ಶುರು ಮಾಡಿ. ಬಾಂಬೆ ಪ್ರಾಂತದ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಎನ್/3’ ಸರಣಿಯಲ್ಲಿವೆ. ಪುಟಗಳ ಚಿತ್ರ ಫೈಂಡ್‌ಮೈಪಾಸ್ಟ್ ಎಂಬ ಜಾಲತಾಣದಲ್ಲಿ ಹಣ ಕೊಟ್ಟರೆ ಸಿಗುತ್ತದೆ. ಫ್ಯಾಮಿಲಿಸರ್ಚ್ ಮತ್ತು ಫಿಬಿಸ್ (ಬ್ರಿಟಿಷ್ ಇಂಡಿಯಾದ ಕುಟುಂಬಗಳ ಇತಿಹಾಸ ಹುಡುಕುವವರ ಸಂಘ) ತಾಣಗಳಲ್ಲಿ ಹುಡುಕಾಟ ಪುಕ್ಕಟೆ.

ಮದುವೆಯ ದಾಖಲೆಯಲ್ಲಿ ವರನ ವಯಸ್ಸು, ಕಸುಬು, ತಂದೆಯ ಹೆಸರು ಇರುತ್ತವೆ. ಹುಟ್ಟಿದ ಊರು ಮಾತ್ರ ಇರುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೇ ಅವರ ಮಕ್ಕಳ ದೀಕ್ಷಾಸ್ನಾನದ ದಾಖಲೆಗಳನ್ನೂ ತೆಗೆಸಿ ನೋಡಿ. ತಾಯಿಯ ಅಥವಾ ಅಜ್ಜಿಯ ತವರಿನ ಮನೆತನದ ಹೆಸರನ್ನು ಮಗುವಿನ ನಡುಹೆಸರಾಗಿ ಇಡುವುದು ಸ್ಕಾಟರ ರೂಢಿ. ಮಗನ ಹೆಸರು ‘ರಾಬರ್ಟ್ ಸದರ್ಲೆಂಡ್ ಮ್ಯಾಕೇ’ ಎಂದಿದ್ದರೆ, ಸದರ್ಲೆಂಡ್ ಎಂಬುದು ವಿಲಿಯಂ ಅವರ ತಾಯಿಯ ತವರಿನ ಹೆಸರಾಗಿರಬಹುದು. ಸಮಾಧಿಕಲ್ಲು ಉಳಿದಿದ್ದರೆ ಅದನ್ನೂ ಓದಿ. ಹುಟ್ಟೂರನ್ನೋ ಕೌಂಟಿಯನ್ನೋ ಎಷ್ಟೋ ಕಲ್ಲುಗಳಲ್ಲಿ ಕೆತ್ತಿಸಿದ್ದಾರೆ.

ಈಗ ಸ್ಕಾಟ್ಲೆಂಡಿಗೆ ಹೊರಡಬಹುದು. ಮದುವೆಯಲ್ಲಿ ವಯಸ್ಸು 26 ಎಂದಿದ್ದರೆ ಜನನ 1863ರ ಆಸುಪಾಸು; ಎರಡು ವರ್ಷ ಆಚೀಚೆ ಇಟ್ಟುಕೊಳ್ಳಿ. ಅಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು, ಆದ್ದರಿಂದ ಜನನ ಪತ್ರ ಸಿಗಬೇಕು. ಸರ್ಕಾರಿ ತಾಣವಾದ ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಸೂಚಿ ನೋಡಲು ದುಡ್ಡಿಲ್ಲ, ಪ್ರತಿ ಚಿತ್ರಕ್ಕೆ ಮೊದಲೇ ಹಣ ಕೊಟ್ಟು ಕೊಂಡ ಕ್ರೆಡಿಟ್ ಕಳೆಯುತ್ತದೆ. ಆ ಕಾಲದ ಜನನ ಸೂಚಿಯಲ್ಲಿ ತಂದೆ ತಾಯಿಯ ಹೆಸರು ಕಾಣದ ಕಾರಣ ಕಣ್ಣುಮುಚ್ಚಿ ಕೊಂಡರೆ ಹಣ ಹೋಯಿತೆಂದೇ ಲೆಕ್ಕ. ಮೊದಲು ಫ್ಯಾಮಿಲಿಸರ್ಚ್‌ನಲ್ಲಿ ತಂದೆಯ ಹೆಸರು ಹಾಕಿ ಜರಡಿ ಹಿಡಿಯಿರಿ. 1855ರಿಂದ 1875ರವರೆಗಿನ ಬಹುಪಾಲು ಜನನಗಳು ಅಲ್ಲಿ ಹೆತ್ತವರ ಹೆಸರಿನ ಸಮೇತ ಇವೆ. ಉಳಿದ ಎರಡು ಮೂರಕ್ಕೆ ಮಾತ್ರ ಕ್ರೆಡಿಟ್ ಖರ್ಚು ಮಾಡಿ. 1861ರಿಂದ ಮುಂದಿನ ಜನನ ಪತ್ರದಲ್ಲಿ ತಾಯಿಯ ತವರಿನ ಹೆಸರಿನ ಜೊತೆಗೆ ಹೆತ್ತವರ ಮದುವೆಯ ದಿನ, ಊರು ಎರಡೂ ಇರುತ್ತವೆ. 1856ರಿಂದ 1860ರವರೆಗಿನ ಪತ್ರಗಳಲ್ಲಿ ಆ ಮದುವೆಯ ವಿವರವೇ ಇಲ್ಲ. ಕೊನೆಗೆ 1871ರ ಜನಗಣತಿಯಲ್ಲಿ ಎಂಟು ವರ್ಷದ ವಿಲಿಯಂ ಅದೇ ತಂದೆ ತಾಯಿಯ ಮನೆಯಲ್ಲಿ ಇದ್ದಾನೆಯೇ ನೋಡಿ. ಅದೇ ಹುಡುಗ 1889ಕ್ಕೆ ಮುಂಚೆಯೇ ಸ್ಕಾಟ್ಲೆಂಡಿನಲ್ಲಿ ಸತ್ತ ದಾಖಲೆ ಸಿಕ್ಕರೆ ಅವನು ನಿಮ್ಮವನಲ್ಲ. ಈ ಕೊನೆಯ ಪರೀಕ್ಷೆ ಮಾಡುವವರು ಕಡಿಮೆ, ಜಾಲದಲ್ಲಿ ಓಡಾಡುವ ವಂಶವೃಕ್ಷಗಳಲ್ಲಿ ಅರ್ಧ ಗೊಂದಲ ಹುಟ್ಟುವುದೇ ಇದರಿಂದ.

ಕಾಗುಣಿತಕ್ಕೆ ಜೋತುಬೀಳಬೇಡಿ. ‘ಮ್ಯಾಕ್’ ಅನ್ನು ಇಂಗ್ಲಿಷಿನಲ್ಲಿ ಎರಡು ಅಕ್ಷರದಲ್ಲೂ ಬರೆದಿದ್ದಾರೆ, ಮೂರು ಅಕ್ಷರದಲ್ಲೂ ಬರೆದಿದ್ದಾರೆ. ಸಂಶಯವಿರುವ ಅಕ್ಷರಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಹುಡುಕಿ.

ಪ್ರಶ್ನೆ: ಒಬ್ಬ ನೇಕಾರನ ವಯಸ್ಸು 1841ರ ಜನಗಣತಿಯಲ್ಲಿ 35, 1851ರಲ್ಲಿ 49. ಹತ್ತು ವರ್ಷದಲ್ಲಿ ಹದಿನಾಲ್ಕು ವರ್ಷ ಹೆಚ್ಚಾದೀತೇ? ಬೇರೆ ಮನುಷ್ಯನೇ ಇರಬೇಕಲ್ಲವೇ?
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ಒಬ್ಬನೇ ಇರಬಹುದು. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಕೆಳಗಿನ ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. 39 ಆದವನು 35 ಆದ. ಎಲ್ಲ ಗಣತಿದಾರರೂ ಇದನ್ನು ಪಾಲಿಸಲಿಲ್ಲ ಅನ್ನುವುದು ಬೇರೆ ಮಾತು. ಆ ವರ್ಷ ಮನೆಯವರ ಸಂಬಂಧವನ್ನೂ ಬರೆದಿಲ್ಲ. ಒಂದೇ ಮನೆಯಲ್ಲಿರುವ ಹೆಂಗಸು ಹೆಂಡತಿಯೋ ತಂಗಿಯೋ ಎಂದು ಊಹಿಸಿ ಬರೆದುಕೊಳ್ಳಬೇಡಿ. ಹೆಸರುಗಳ ಪಕ್ಕದ ಓರೆಗೆರೆಗಳನ್ನು ಗಮನಿಸಿ: ಒಂದು ಗೆರೆ ಇದ್ದರೆ ಅದೇ ಕಟ್ಟಡದಲ್ಲಿ ಒಂದು ಸಂಸಾರ ಮುಗಿಯಿತು, ಎರಡಿದ್ದರೆ ಕಟ್ಟಡವೇ ಮುಗಿಯಿತು. ಇನ್ನೊಬ್ಬರು ಟೈಪು ಮಾಡಿದ ಪ್ರತಿಯಲ್ಲಿ ಈ ಗೆರೆಗಳು ಬಿಟ್ಟುಹೋಗಿರಬಹುದು, ಮೂಲ ಪುಟದ ಚಿತ್ರವೇ ಬೇಕು.

ಸಂಬಂಧ, ಹುಟ್ಟಿದ ಪ್ಯಾರಿಶ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಎರಡೂ ಬರುವುದು 1851ರಿಂದ. ಹೆಸರಿಗಿಂತ ಆ ಪ್ಯಾರಿಶ್ಶಿನ ಬೆಲೆ ಹೆಚ್ಚು. 1861, 1871ರಲ್ಲೂ ಅದೇ ಪ್ಯಾರಿಶ್ ಬರುತ್ತದೆಯೇ ನೋಡಿ. ಒಂದು ಕಡೆ ಬೇರೆ ಬಂದರೆ ಪಕ್ಕದ ದೊಡ್ಡ ಊರಿನ ಹೆಸರು ಹೇಳಿರುತ್ತಾರೆ, ಡೊಂಬಿವಿಲಿಯವರು ಹೊರಗೆ ಹೋದರೆ ‘ಮುಂಬಯಿ’ ಎನ್ನುವ ಹಾಗೆ.

ಪ್ರಶ್ನೆ: ಪ್ಯಾರಿಶ್ ಖಚಿತವಾಗಿದೆ, ಜನನ 1822ರ ಹೊತ್ತಿಗೆ. ಆದರೆ ಆ ಚರ್ಚಿನ ರಿಜಿಸ್ಟರಿನಲ್ಲಿ ಮಗುವಿನ ಹೆಸರೇ ಇಲ್ಲ. ಇಲ್ಲಿಗೆ ದಾರಿ ಮುಚ್ಚಿತೇ?
— ಓದುಗರು, ಮಾಟುಂಗಾ

ಉತ್ತರ: ಇಲ್ಲ. 1855ಕ್ಕೆ ಮುಂಚಿನ ಹಳೆಯ ಪ್ಯಾರಿಶ್ ರಿಜಿಸ್ಟರುಗಳು ಚರ್ಚ್ ಆಫ್ ಸ್ಕಾಟ್ಲೆಂಡಿನವು. ಅತಿ ಹಳೆಯದು ಪರ್ತ್‌ಶೈರ್‌ನ ಎರಲ್ ಪ್ಯಾರಿಶ್ಶಿನದು, 1553ರಿಂದ ಶುರು. ಹೆಸರು ಬರೆಸುವುದು ಕಡ್ಡಾಯವೇನೂ ಆಗಿರಲಿಲ್ಲ, ಬರೆಸಲು ಶುಲ್ಕವಿತ್ತು. 1783ರಿಂದ 1794ರವರೆಗೆ ಅದರ ಮೇಲೆ ಮೂರು ಪೆನ್ಸ್ ತೆರಿಗೆಯೂ ಬಿತ್ತು. ಬಡವರು ಸುಮ್ಮನಾದರು. ಸಿಡಿದು ಬೇರೆಯಾದ ಸಭೆಗಳಿಗೆ ಸೇರಿದವರು ಈ ರಿಜಿಸ್ಟರಿನ ಕಡೆ ತಲೆಹಾಕದೇ ಇದ್ದುದೂ ಉಂಟು. 1843ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡಿನಿಂದ ಫ್ರೀ ಚರ್ಚ್ ಒಡೆದು ಬೇರೆಯಾದ ಮೇಲೆ ಇದು ಇನ್ನೂ ಹೆಚ್ಚಿತು. ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ‘ಇತರ ಚರ್ಚುಗಳು’ ಮತ್ತು ಕ್ಯಾಥೊಲಿಕ್ ರಿಜಿಸ್ಟರುಗಳು ಬೇರೆ ಬೇರೆ ವಿಭಾಗದಲ್ಲಿವೆ, ಅಲ್ಲೂ ಹುಡುಕಿ.

ಅದಕ್ಕಿಂತ ಗಟ್ಟಿ ದಾರಿ ಮರಣ ಪತ್ರ. ಆ ವ್ಯಕ್ತಿ 1855ರ ನಂತರ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡಿದ್ದರೆ ಪತ್ರದಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ತಾಯಿಯ ತವರಿನ ಮನೆತನ ಮೂರೂ ಇರುತ್ತವೆ. ಇಂಗ್ಲೆಂಡಿನ ಆ ಕಾಲದ ಮರಣ ಪತ್ರದಲ್ಲಿ ಈ ಭಾಗ್ಯವಿಲ್ಲ. ಮಾಹಿತಿ ಕೊಟ್ಟವರು ಯಾರೆಂದು ಕೆಳಗಿನ ಸಹಿಯಲ್ಲಿ ನೋಡಿ: ಮಗಳು ಹೇಳಿದ್ದಕ್ಕೆ ಇರುವ ತೂಕ ನೆರೆಯವನು ಹೇಳಿದ್ದಕ್ಕೆ ಇಲ್ಲ.

ಹೆತ್ತವರ ಹೆಸರು ಸಿಕ್ಕಮೇಲೆ ಅವರ ಮದುವೆ ಹುಡುಕಿ. ಹಳೆಯ ರಿಜಿಸ್ಟರಿನಲ್ಲಿ ಬಹಳ ಸಲ ಇರುವುದು ಮದುವೆಯಲ್ಲ, ಅದಕ್ಕೆ ಮುಂಚೆ ಚರ್ಚಿನಲ್ಲಿ ಕೂಗಿ ಹೇಳುವ ಮದುವೆಯ ಘೋಷಣೆ. ವರ ಒಂದು ಪ್ಯಾರಿಶ್, ವಧು ಇನ್ನೊಂದು ಎಂದಾದರೆ ಎರಡೂ ಕಡೆ ಕೂಗುತ್ತಿದ್ದರು. ಎರಡು ತಾರೀಕು ಕಂಡರೆ ಎರಡು ಮದುವೆ ಎಂದು ತಿಳಿಯಬೇಡಿ. ಮಗು ಮದುವೆಗೆ ಹೊರತಾಗಿ ಹುಟ್ಟಿದ್ದರೆ ಕರ್ಕ್ ಸೆಷನ್ ಎಂಬ ಚರ್ಚಿನ ಹಿರಿಯರ ಸಭೆಯ ನಡಾವಳಿ ಓದಿ. ತಂದೆ ಯಾರೆಂದು ಅವರು ಬಿಡದೆ ವಿಚಾರಿಸುತ್ತಿದ್ದರು.

ಪ್ರಶ್ನೆ: ಒಂದೇ ತಂದೆ ತಾಯಿಗೆ 1831ರಲ್ಲೊಬ್ಬ ಜೇಮ್ಸ್, 1834ರಲ್ಲಿ ಇನ್ನೊಬ್ಬ ಜೇಮ್ಸ್. ಬರೆದವರ ತಪ್ಪೇ?
— ಓದುಗರು, ವಾಸ್ಕೊ, ಗೋವಾ

ಉತ್ತರ: ಹೆಚ್ಚಿನ ಸಂದರ್ಭಗಳಲ್ಲಿ ತಪ್ಪಲ್ಲ. ಮೊದಲನೆಯ ಮಗು ಹೋದಾಗ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಮೊದಲ ಮಗಳಿಗೆ ತಾಯಿಯ ತಾಯಿಯದು ಎಂಬ ಕ್ರಮ ಅಲ್ಲಿತ್ತು. ಅಜ್ಜನ ಹೆಸರು ಅಳಿಯಬಾರದೆಂಬ ಹಟ ನಮಗೇನು ಹೊಸದಲ್ಲ. ಈ ಕ್ರಮವನ್ನು ಸುಳಿವಾಗಿ ಮಾತ್ರ ಬಳಸಿ, ಪುರಾವೆಯೆಂದು ಅಲ್ಲ. ಇಬ್ಬರು ಅಜ್ಜಂದಿರೂ ಜೇಮ್ಸ್ ಆಗಿದ್ದರೆ ಇಬ್ಬರು ಮಕ್ಕಳೂ ಬದುಕಿದ್ದು ಇಬ್ಬರೂ ಜೇಮ್ಸ್ ಆಗಿರುವುದೂ ಅಪರೂಪಕ್ಕೆ ಉಂಟು. 1841ರ ಜನಗಣತಿಯಲ್ಲಿ ಆ ಮನೆಯಲ್ಲಿ ಎಷ್ಟು ಜನ ಜೇಮ್ಸ್ ಇದ್ದಾರೆ ಎಣಿಸಿ ನೋಡಿ. ಸಮಾಧಿ ದಾಖಲೆ ಅನೇಕ ಪ್ಯಾರಿಶ್‌ಗಳಲ್ಲಿ ಇಲ್ಲವೇ ಇಲ್ಲ. ಇರುವ ಕಡೆಯೂ ಕೆಲವೊಮ್ಮೆ ಸಿಗುವುದು ಶವಪೆಟ್ಟಿಗೆಯ ಮೇಲೆ ಹೊದಿಸುವ ಬಟ್ಟೆಗೆ ಕಟ್ಟಿದ ಬಾಡಿಗೆಯ ಲೆಕ್ಕ. ಅದರಲ್ಲಿ ಹೆಸರಿನ ಬದಲು ‘ಇಂಥವನ ಮಗು’ ಎಂದಷ್ಟೇ ಬರೆದಿದ್ದರೂ ತಾರೀಕು 1831 ಮತ್ತು 1834ರ ನಡುವೆ ಬಿದ್ದರೆ ನಿಮ್ಮ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ.