ಕರಾರಿಗೆ ಸಹಿ ಹಾಕಿದ ಮೇಲೆ ಮನೆ ಬೇಡವೆನ್ನಬಹುದೇ?

ಪ್ರಶ್ನೆ: ಮೈಸೂರಿನಲ್ಲಿ ಹಳೆಯ ಮನೆಯೊಂದನ್ನು 68 ಲಕ್ಷ ರೂಪಾಯಿಗೆ ಕೊಳ್ಳಲು ಮೂರು ತಿಂಗಳ ಹಿಂದೆ ಕ್ರಯದ ಕರಾರು ಮಾಡಿಕೊಂಡು, 7 ಲಕ್ಷ ರೂಪಾಯಿ ಮುಂಗಡ ಕೊಟ್ಟಿದ್ದೇನೆ. ಕರಾರು ನೋಂದಣಿಯಾಗಿದೆ, ಕ್ರಯಪತ್ರ ಮಾಡಿಸಿಕೊಳ್ಳಲು ನಾಲ್ಕು ತಿಂಗಳ ಗಡುವಿದೆ. ಈ ನಡುವೆ ತಂದೆಯವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ, ಮನೆಗೆಂದು ಕೂಡಿಟ್ಟಿದ್ದ ಹಣದ ಬಹುಪಾಲು ಖರ್ಚಾಯಿತು. ಖರೀದಿ ಬೇಡವೆಂದರೆ, ಮುಂಗಡದಲ್ಲಿ ಒಂದು ರೂಪಾಯಿಯೂ ವಾಪಸು ಇಲ್ಲ, ಮೇಲಾಗಿ ದಾವೆ ಹೂಡುತ್ತೇನೆ ಎಂದು ಮಾರಾಟಗಾರರು ಹೇಳುತ್ತಿದ್ದಾರೆ. ನನಗೇನಾದರೂ ದಾರಿಯಿದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ದಾರಿಯಿದೆ, ಆದರೆ ಅದು ಖರ್ಚಿಲ್ಲದ ದಾರಿಯಲ್ಲ. ಮೊದಲು ಕಾನೂನಿನ ಸ್ಥಿತಿಯನ್ನು ತಿಳಿಯಿರಿ. ಕ್ರಯದ ಕರಾರಿನಿಂದ ಆಸ್ತಿಯ ಮೇಲೆ ನಿಮಗೆ ಹಕ್ಕು ಹುಟ್ಟುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಕ್ಕು ಹುಟ್ಟಲಿಲ್ಲವೆಂದ ಮಾತ್ರಕ್ಕೆ ಹೊಣೆಯೂ ಹುಟ್ಟಲಿಲ್ಲವೆಂದು ಹಲವರು ಭಾವಿಸುತ್ತಾರೆ, ಅದು ತಪ್ಪು. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ, ಕರಾರನ್ನು ನೆರವೇರಿಸಿಕೊಡುವಂತೆ ಆದೇಶಿಸುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟ ಸಂಗತಿಯಾಗಿ ಉಳಿದಿಲ್ಲ. ಕಾಯ್ದೆಯಲ್ಲೇ ಹೇಳಿದ ಅಪವಾದಗಳನ್ನು ಬಿಟ್ಟರೆ ಅದೇ ನಿಯಮ. ಕೊಳ್ಳುವವರಂತೆ ಮಾರುವವರೂ ಈ ದಾವೆಯನ್ನು ಹೂಡಬಹುದು. ಹಾಗೆಂದು ಆ ಬೆದರಿಕೆಗೆ ನೀವು ತೀರ ಅಂಜಬೇಕಿಲ್ಲ. ಮನೆ ಮಾರಿ ಹಣ ಕಾಣಬೇಕಾದವರು, ವರ್ಷಗಟ್ಟಲೆ ನಡೆಯುವ ದಾವೆಯಲ್ಲಿ ಅದೇ ಮನೆಯನ್ನು ಸಿಕ್ಕಿಹಾಕಿಸಿಕೊಳ್ಳಲು ಸಾಮಾನ್ಯವಾಗಿ ಬಯಸುವುದಿಲ್ಲ. ನಿಮ್ಮ ನಿಜವಾದ ಜಗಳ 7 ಲಕ್ಷದ ಮುಂಗಡದ ಮೇಲೆಯೇ ಇದೆ.

ಆ ಹಣದ ವಿಷಯದಲ್ಲಿ ನಿಮಗೆ ಹುಸಿ ಭರವಸೆ ಕೊಡಲಾರೆ. ಮುಂಗಡಕ್ಕೆ ನಮ್ಮಲ್ಲಿ ಸಂಚಕಾರ ಎಂಬ ಹಳೆಯ ಹೆಸರಿದೆ. ಮಾತಿಗೆ ತಪ್ಪುವುದಿಲ್ಲ ಎಂಬುದಕ್ಕೆ ಒತ್ತೆಯಾಗಿ ಕೊಟ್ಟ ಹಣ ಎಂದು ಅದರ ಭಾವ. ನ್ಯಾಯಾಲಯಗಳೂ ಇದೇ ಭೇದವನ್ನು ನೋಡುತ್ತವೆ. ಕೊಟ್ಟ ಹಣ ಬರಿಯ ಬೆಲೆಯ ಒಂದು ಕಂತೋ, ಅಥವಾ ಕರಾರು ನೆರವೇರಿಸುವುದಕ್ಕೆ ಕೊಟ್ಟ ಭದ್ರತೆಯೋ? ಭದ್ರತೆಯಾಗಿದ್ದು, ತಪ್ಪು ಕೊಳ್ಳುವವರದೇ ಆಗಿದ್ದರೆ, ಮಾರುವವರು ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ದೆಹಲಿಯ ಪ್ರಕರಣವೊಂದು ನಿಮ್ಮದಕ್ಕೆ ಬಹಳ ಹತ್ತಿರವಿದೆ. ಅಲ್ಲಿ ಬೆಲೆ 70 ಲಕ್ಷ, ಮುಂಗಡ 7 ಲಕ್ಷ. 50 ಸಾವಿರ ಮಾತ್ರ ಇಟ್ಟುಕೊಳ್ಳಬಹುದೆಂದು ಹೈಕೋರ್ಟ್ ಹೇಳಿದ್ದನ್ನು ಬದಿಗೊತ್ತಿ, ಪೂರ್ತಿ 7 ಲಕ್ಷವನ್ನೂ ಇಟ್ಟುಕೊಳ್ಳಲು ಸುಪ್ರೀಂ ಕೋರ್ಟ್ ಅನುಮತಿಸಿತು.

ಇನ್ನೂ ಹತ್ತಿರದ, ಇನ್ನೂ ಕಠಿಣವಾದ ತೀರ್ಪು ಬೆಂಗಳೂರಿನ ಆಸ್ತಿಯೊಂದರದು. 2007ರಲ್ಲಿ 55.50 ಲಕ್ಷಕ್ಕೆ ಕರಾರಾಗಿ, 20 ಲಕ್ಷ ಮುಂಗಡ ಸಂದಾಯವಾಗಿತ್ತು. ನಾಲ್ಕು ತಿಂಗಳಲ್ಲಿ ಬಾಕಿ ಕೊಡಲು ಕೊಂಡವರಿಗೆ ಆಗಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ 20 ಲಕ್ಷದ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಅವರ ದಾವೆಯಲ್ಲಿ ಇನ್ನೊಂದು ದೊಡ್ಡ ಕೊರತೆಯೂ ಇತ್ತು. ಕ್ರಯಪತ್ರ ಮಾಡಿಸಿಕೊಡಿ ಎಂದು ಕೇಳಿದ್ದರೇ ಹೊರತು, ಅದು ಸಾಧ್ಯವಾಗದಿದ್ದರೆ ಮುಂಗಡವನ್ನಾದರೂ ಹಿಂದಿರುಗಿಸಿ ಎಂಬ ಪರ್ಯಾಯ ಕೋರಿಕೆಯನ್ನು ಸೇರಿಸಿರಲಿಲ್ಲ. ಕೇಳದ ಹಣವನ್ನು ನ್ಯಾಯಾಲಯ ಕೊಡಿಸುವುದಿಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಮಿನ ಆಶಯ ಇದು. ದಾವೆ ನಡೆಯುತ್ತಿರುವಾಗ ತಿದ್ದುಪಡಿ ಮಾಡಿಯಾದರೂ ಆ ಕೋರಿಕೆಯನ್ನು ಸೇರಿಸಬಹುದಾಗಿತ್ತು. ಒಂದು ಸಾಲು ಬರೆಯದೆ ಇಷ್ಟು ದೊಡ್ಡ ಮೊತ್ತದ ದಾರಿ ಮುಚ್ಚಿಹೋದದ್ದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಇನ್ನೊಂದು ಬದಿಯ ವಾದಕ್ಕೂ ಬಲವಿದೆ. ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ನ್ಯಾಯಯುತವಾದ ಪರಿಹಾರಕ್ಕಿಂತ ಹೆಚ್ಚು ಸಿಗದು, ಬರೆದ ಮೊತ್ತ ಅದರ ಗರಿಷ್ಠ ಮಿತಿ ಮಾತ್ರ. ದೆಹಲಿ ಅಭಿವೃದ್ಧಿ ಪ್ರಾಧಿಕಾರವು 1982ರಲ್ಲಿ 3.12 ಕೋಟಿಗೆ ಹರಾಜಾದ ನಿವೇಶನದ ಸಂಬಂಧ ಖರೀದಿದಾರರ 78 ಲಕ್ಷವನ್ನು ಮುಟ್ಟುಗೋಲು ಹಾಕಿಕೊಂಡು, 1994ರಲ್ಲಿ ಅದೇ ನಿವೇಶನವನ್ನು 11.78 ಕೋಟಿಗೆ ಮಾರಿತ್ತು. ಖರೀದಿದಾರರು ತಪ್ಪಿಯೇ ಇಲ್ಲ, ಪ್ರಾಧಿಕಾರಕ್ಕೆ ನಷ್ಟವೂ ಆಗಿಲ್ಲ ಎಂದು ಕಂಡ ಸುಪ್ರೀಂ ಕೋರ್ಟ್ 2015ರಲ್ಲಿ ಆ ಹಣವನ್ನು ಹಿಂದಿರುಗಿಸಲು ಹೇಳಿತು. ನಿಮ್ಮ ಮಾರಾಟಗಾರರಿಗೆ ಇದೇ ಬೆಲೆಗೋ ಹೆಚ್ಚಿನ ಬೆಲೆಗೋ ಬೇರೆಯವರು ಸಿಕ್ಕರೆ, ಈ ವಾದ ನಿಮಗೆ ನೆರವಾಗಬಹುದು. ಆದರೆ ತಪ್ಪಿದವರು ನೀವೇ ಆಗಿರುವುದರಿಂದ ಇದೊಂದನ್ನೇ ನಂಬಿ ಕೂರಬೇಡಿ.

ಆದ್ದರಿಂದ ಈಗಲೇ ಕರಾರು ಪತ್ರವನ್ನು ತೆಗೆದು ಎರಡು ಕಡೆ ಬೆರಳಿಟ್ಟು ಓದಿ. ಮೊದಲನೆಯದು, ಮುಂಗಡದ ಬಗ್ಗೆ ಬರೆದ ಸಾಲು. ಖರೀದಿದಾರರು ತಪ್ಪಿದರೆ ಮುಂಗಡ ಮುಟ್ಟುಗೋಲಾಗುತ್ತದೆ ಎಂಬ ಮಾತು ಅಲ್ಲಿ ಇಲ್ಲದಿದ್ದರೆ ನಿಮ್ಮ ವಾದ ಬಹಳ ಗಟ್ಟಿಯಾಗುತ್ತದೆ. ಎರಡನೆಯದು, ಕ್ರಯಪತ್ರವನ್ನು ‘ಖರೀದಿದಾರರ ಅಥವಾ ಅವರು ಸೂಚಿಸುವವರ ಹೆಸರಿಗೆ’ ಮಾಡಿಕೊಡತಕ್ಕದ್ದು ಎಂಬ ಒಕ್ಕಣೆ. ನಮ್ಮ ಕಡೆಯ ಪತ್ರಬರಹಗಾರರು ಅಭ್ಯಾಸಬಲದಿಂದ ಹಾಕುವ ಈ ಕೆಲವೇ ಪದಗಳು ಎಷ್ಟೋ ಕುಟುಂಬಗಳನ್ನು ಉಳಿಸಿವೆ. ಅವು ಇದ್ದರೆ, ಉಳಿದಿರುವ ಒಂದು ತಿಂಗಳಲ್ಲಿ ಬೇರೊಬ್ಬ ಖರೀದಿದಾರರನ್ನು ನೀವೇ ಹುಡುಕಿ ತನ್ನಿ. ಮಾರಾಟಗಾರರಿಗೆ ಅವರ ಬೆಲೆ ಸಿಗುತ್ತದೆ, ಹೊಸಬರಿಂದ ನಿಮ್ಮ 7 ಲಕ್ಷ ನಿಮಗೆ ಬರುತ್ತದೆ.

ಹೊಸಬರು ಸಿಗದಿದ್ದರೂ ನಿಮ್ಮ ಕೈ ಪೂರ್ತಿ ಖಾಲಿಯಲ್ಲ. ನಿಮ್ಮ ಕರಾರು ನೋಂದಣಿಯಾಗಿದೆಯಲ್ಲವೇ? ಅದು ಆ ಮನೆಯ ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ, ನಿಮ್ಮ ಹೆಸರಿನೊಂದಿಗೆ ಕಾಣುತ್ತಿರುತ್ತದೆ. ಮುಂದೆ ಆ ಮನೆಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಮೊದಲು ಕೇಳುವುದೇ ಇದರ ರದ್ದತಿ ಪತ್ರವನ್ನು, ಮತ್ತು ಅದಕ್ಕೆ ನಿಮ್ಮ ಸಹಿ ಬೇಕು. ತಂದೆಯವರ ಆಸ್ಪತ್ರೆಯ ಬಿಲ್ಲುಗಳ ಪ್ರತಿಯನ್ನಿಟ್ಟು, ಗಡುವು ಮುಗಿಯುವ ಮೊದಲೇ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆಯಿರಿ; ಒಂದು ಪಾಲನ್ನು ಅವರು ಇಟ್ಟುಕೊಂಡು ಉಳಿದದ್ದನ್ನು ಕೊಟ್ಟರೆ, ರದ್ದತಿ ಪತ್ರವನ್ನು ಅದೇ ದಿನ ನೋಂದಣಿ ಮಾಡಿಕೊಡುವುದಾಗಿ ತಿಳಿಸಿ. ಡಿ.ಡಿ. ಕೈಗೆ ಬಂದ ಮೇಲೆಯೇ ಸಹಿ ಹಾಕಿ. ದಯವಿಟ್ಟು ಫೋನ್ ಎತ್ತದೆ ಕೂರಬೇಡಿ, ಮೌನವಾಗಿ ಗಡುವು ದಾಟಿಸಿದವರ ಪರವಾಗಿ ವಾದಿಸುವುದು ಬಹಳ ಕಷ್ಟ.

ಇನ್ನೊಂದು ಮಾತು. ತಪ್ಪು ಮಾರಾಟಗಾರರ ಕಡೆಯೇ ಇದ್ದರೆ ಮೇಲಿನದೆಲ್ಲ ಬದಲಾಗುತ್ತದೆ. ಬ್ಯಾಂಕಿನ ಅಡಮಾನವನ್ನು ಮುಚ್ಚಿಟ್ಟಿದ್ದರೆ, ವಂಶವೃಕ್ಷದಲ್ಲಿರುವ ಹೆಣ್ಣುಮಕ್ಕಳ ಸಹಿಯಿಲ್ಲದೆ ಪಿತ್ರಾರ್ಜಿತ ಮನೆಯನ್ನು ಮಾರುತ್ತಿದ್ದರೆ, ನೀವು ಪೂರ್ತಿ ಮುಂಗಡವನ್ನು ಬಡ್ಡಿಸಹಿತ ಕೇಳಬಹುದು. ಆ ಹಣಕ್ಕೆ ಆಸ್ತಿಯ ಮೇಲೆಯೇ ಭಾರವೂ, ಅಂದರೆ ಆಸ್ತಿಯಿಂದಲೇ ಅದನ್ನು ವಸೂಲು ಮಾಡಿಕೊಳ್ಳುವ ಹಕ್ಕೂ, ಇರುತ್ತದೆ. ದಾಖಲೆಗಳನ್ನು ಮತ್ತೊಮ್ಮೆ ವಕೀಲರಿಗೆ ತೋರಿಸಿ. ಆದರೆ ಇಲ್ಲದ ದೋಷವನ್ನು ಹುಟ್ಟಿಸಿ ನೋಟಿಸು ಕೊಡಬೇಡಿ. ಪಾಟೀಸವಾಲಿನಲ್ಲಿ ಅದು ಬಿದ್ದುಹೋದರೆ ನಿಮ್ಮ ನಿಜವಾದ ಕಷ್ಟವನ್ನೂ ಯಾರೂ ನಂಬುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಬುಕ್ ಮಾಡಿ ಕರಾರಿಗೆ ಸಹಿ ಹಾಕಿದೆವು. ನಂತರ ಬ್ಯಾಂಕ್ ನಮಗೆ ಸಾಲ ಮಂಜೂರು ಮಾಡಲಿಲ್ಲ. ಬಿಲ್ಡರ್ ಒಟ್ಟು ಬೆಲೆಯ ಶೇ 20ರಷ್ಟು ಕಡಿತ ಮಾಡುವುದಾಗಿ ಹೇಳುತ್ತಿದ್ದಾರೆ. ಇದು ಸರಿಯೇ?
– ದಂಪತಿ, ಯಲಹಂಕ

ಉತ್ತರ: ಶೇ 20 ಸರಿಯಲ್ಲ. ಗುರುಗ್ರಾಮದ ಫ್ಲ್ಯಾಟ್ ಒಂದರ ಪ್ರಕರಣದಲ್ಲಿ ಕರಾರು ಇದೇ ಶೇ 20ರ ಕಡಿತಕ್ಕೆ ಅವಕಾಶ ಕೊಟ್ಟಿತ್ತು. ಅಲ್ಲಿ ಕೊಂಡವರು ಹಿಂದೆ ಸರಿದದ್ದು ಮಾರುಕಟ್ಟೆ ಬಿದ್ದುಹೋಯಿತೆಂಬ ಕಾರಣಕ್ಕೆ. ಹಾಗಿದ್ದರೂ ಆ ಕರಾರು ಏಕಪಕ್ಷೀಯವೆಂದು ಪರಿಗಣಿಸಿದ ಸುಪ್ರೀಂ ಕೋರ್ಟ್, ಮೂಲ ಬೆಲೆಯ ಶೇ 10ರಷ್ಟನ್ನು ಮಾತ್ರ ಇಟ್ಟುಕೊಳ್ಳುವುದು ಸಮಂಜಸವೆಂದು 2025ರ ಫೆಬ್ರವರಿಯಲ್ಲಿ ಹೇಳಿತು. ಹಿಂದಿರುಗಿಸುವ ಹಣಕ್ಕೆ ಬಡ್ಡಿಯನ್ನು ಮಾತ್ರ ಕೊಡಿಸಲಿಲ್ಲ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 13ನೇ ಕಲಮು ಕೂಡ, ಕರಾರು ನೋಂದಣಿಯಾಗುವ ಮೊದಲು ಶೇ 10ಕ್ಕಿಂತ ಹೆಚ್ಚು ಹಣ ಪಡೆಯಬಾರದೆನ್ನುತ್ತದೆ. ನಿಮ್ಮ ಕರಾರು ನೋಂದಣಿಯಾಗಿದೆಯೇ ಎಂದು ನೀವು ಬರೆದಿಲ್ಲ. ನೋಂದಣಿಯಿಲ್ಲದೆ ಶೇ 10ನ್ನು ಮೀರಿ ವಸೂಲು ಮಾಡಿದ್ದರೆ, ಆ ಉಲ್ಲಂಘನೆಯನ್ನು ಕರ್ನಾಟಕ ರೇರಾ ಪ್ರಾಧಿಕಾರದ ಮುಂದಿನ ದೂರಿನಲ್ಲಿ ತಪ್ಪದೆ ಬರೆಯಿರಿ.

ಸಾಲ ಸಿಗದಿರುವುದು ಬಿಲ್ಡರ್ ತಪ್ಪಲ್ಲವಾದ್ದರಿಂದ ಸ್ವಲ್ಪ ನಷ್ಟಕ್ಕೆ ನೀವು ಸಿದ್ಧರಿರಬೇಕು. ಆದರೆ ಬ್ಯಾಂಕ್ ಏಕೆ ನಿರಾಕರಿಸಿತೆಂಬುದನ್ನು ಲಿಖಿತವಾಗಿ ಪಡೆಯಿರಿ. ಕಾರಣ ನಿಮ್ಮ ಆದಾಯವಾಗಿರದೆ ಯೋಜನೆಯ ಭೂದಾಖಲೆ ಅಥವಾ ನಕ್ಷೆಯ ಅನುಮೋದನೆಯಲ್ಲಿನ ಲೋಪವಾಗಿದ್ದರೆ, ನೀವು ಕಡಿತವನ್ನೇ ಒಪ್ಪಬೇಕಾಗಿಲ್ಲ. ಹಾಗೆಯೇ, ಕರಾರಿನಲ್ಲಿ ಹೇಳಿದ ದಿನಕ್ಕೆ ಫ್ಲ್ಯಾಟ್ ಕೈಗೆ ಬಾರದಿದ್ದರೆ ರೇರಾ ಕಾಯ್ದೆಯ 18ನೇ ಕಲಮಿನಡಿ ಬಡ್ಡಿಸಹಿತ ಪೂರ್ತಿ ಹಣ ಕೇಳುವುದು ಯಾವ ಷರತ್ತೂ ಇಲ್ಲದ ಹಕ್ಕು ಎಂದು 2021ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಟ್ಟಿದ ಜಿ.ಎಸ್‌.ಟಿ.ಯನ್ನು ಮರೆಯಬೇಡಿ: ಬಿಲ್ಡರ್ ಅದನ್ನು ಹೊಂದಿಸಿಕೊಡುವ ಕಾಲಾವಕಾಶ ಮುಗಿದಿದ್ದರೆ, ಬಿಲ್ಡರ್ ರದ್ದತಿಯ ಪತ್ರ ಹೊರಡಿಸಿದ ದಿನದಿಂದ ಎರಡು ವರ್ಷದೊಳಗೆ ನೀವೇ ಮರುಪಾವತಿಗೆ ಅರ್ಜಿ ಹಾಕಲು 2022ರ ಡಿಸೆಂಬರ್‌ನ ಸುತ್ತೋಲೆಯಲ್ಲಿ ಅವಕಾಶವಿದೆ.

ಪ್ರಶ್ನೆ: ಸಿಡ್ನಿಯಲ್ಲಿರುವ ನನ್ನ ಮಗ ಅಲ್ಲಿ ಮನೆ ಕೊಳ್ಳಲು ಸಹಿ ಹಾಕಿ, ಮೂರನೆಯ ದಿನ ಮನಸ್ಸು ಬದಲಿಸಿ ಅಲ್ಪ ನಷ್ಟದಲ್ಲಿ ಹೊರಬಂದ. ನಮ್ಮಲ್ಲೂ ಇಂಥ ಅವಕಾಶವಿದೆಯೇ? ಧಾರವಾಡದಲ್ಲಿ ಮನೆ ನೋಡುತ್ತಿದ್ದೇನೆ.
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಇಲ್ಲ, ಅಮ್ಮ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಹರಾಜಿನಲ್ಲಿ ಕೊಳ್ಳದೆ ಕರಾರಿನಿಂದ ಕೊಂಡ ಮನೆಗೆ ಸಾಮಾನ್ಯವಾಗಿ ಐದು ಕೆಲಸದ ದಿನಗಳ ಮರುಯೋಚನೆಯ ಅವಧಿಯಿದೆ. ಬೆಲೆಯ ಶೇ 0.25ರಷ್ಟನ್ನು, ಅಂದರೆ 8 ಲಕ್ಷ ಡಾಲರಿನ ಮನೆಗೆ 2,000 ಡಾಲರನ್ನು, ಬಿಟ್ಟುಕೊಟ್ಟು ಹೊರಬರಬಹುದು. ನಮ್ಮ ಕಾನೂನು ಮನೆ ಕೊಳ್ಳುವವರಿಗೆ ಇಂಥ ಒಂದು ದಿನವನ್ನೂ ಕೊಟ್ಟಿಲ್ಲ. ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಜೀವಮಾನದ ಉಳಿತಾಯವನ್ನು ಇಡುವ ಕರಾರಿಗೆ ನಮ್ಮವರು ಅರ್ಧ ಗಂಟೆಯಲ್ಲಿ ಸಹಿ ಹಾಕಿ ಏಳುತ್ತಾರೆ.

ಆದರೆ ಕಾನೂನು ಕೊಡದ್ದನ್ನು ಕರಾರಿನಲ್ಲಿ ಬರೆಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ನಿಮ್ಮ ಭಾಗದಲ್ಲಿ ಇಸಾರ ಎನ್ನುವ ಮುಂಗಡವನ್ನು ಕೊಡುವ ಮೊದಲು ಈ ಸಾಲುಗಳನ್ನು ಸೇರಿಸಿ ಎಂದು ಬರೆಯುವವರಿಗೆ ಹೇಳಿ: ‘ಸಹಿಯಾದ ಏಳು ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ತಿಳಿಸಿ ಹಿಂದೆ ಸರಿದಲ್ಲಿ, ಮುಂಗಡದಲ್ಲಿ ಹತ್ತು ಸಾವಿರ ರೂಪಾಯಿ ಕಳೆದು ಉಳಿದದ್ದನ್ನು ಹದಿನೈದು ದಿನಗಳಲ್ಲಿ ಮಾರಾಟಗಾರರು ಹಿಂದಿರುಗಿಸತಕ್ಕದ್ದು. ಖರೀದಿದಾರರ ವಕೀಲರು ದಾಖಲೆಗಳಲ್ಲಿ ಹಕ್ಕಿನ ದೋಷವನ್ನು ಕಂಡಲ್ಲಿ, ಅಥವಾ ಖರೀದಿದಾರರಿಗೆ ಗೃಹಸಾಲ ಮಂಜೂರಾಗದಿದ್ದಲ್ಲಿ, ಯಾವ ಕಡಿತವೂ ಇಲ್ಲದೆ ಪೂರ್ತಿ ಮುಂಗಡವನ್ನು ಹಿಂದಿರುಗಿಸತಕ್ಕದ್ದು.’ ಇದಕ್ಕೆ ಒಪ್ಪದ ಮಾರಾಟಗಾರರಾದರೆ, ಮೊತ್ತವನ್ನೋ ದಿನಗಳನ್ನೋ ಹೊಂದಿಸಿಕೊಳ್ಳಿ, ಆದರೆ ಹಕ್ಕಿನ ದೋಷದ ಸಾಲನ್ನು ಬಿಡಬೇಡಿ. ಅದಕ್ಕೂ ಒಪ್ಪದಿದ್ದರೆ, ಆ ಮನೆಯ ದಾಖಲೆಗಳನ್ನು ವಕೀಲರು ಪೂರ್ತಿ ನೋಡಿ ಮುಗಿಸುವವರೆಗೆ ಇಸಾರ ಕೊಡಬೇಡಿ.