ಗಂಡು ಮಗನನ್ನು ಕಳಿಸಿಕೊಡುವ ಶಾಸ್ತ್ರ ನಮ್ಮಲ್ಲಿಲ್ಲ

(ನನ್ನ ಹತ್ತಿರ ಸಲಹೆ ಕೇಳಿ ಬಂದ ಒಂದು ಮನೆಯವರ ಕಥೆ. ಗುರುತು ಸಿಗದಂತೆ ಹೆಸರು, ಕೆಲಸ, ಕೆಲವು ವಿವರ ಬದಲಿಸಿದ್ದೇನೆ.)

"ಮೇಡಂ, ಇವನನ್ನ ಮನೆಯಿಂದ ಹೊರಗೆ ಹಾಕೋದು ಹೇಗೆ? ಅದೊಂದು ಹೇಳಿ, ಸಾಕು."

ಕುರ್ಚಿಯಲ್ಲಿ ಕೂರುವ ಮೊದಲೇ ಅಪ್ಪ ಕೇಳಿದ್ದು ಇದು. ನಿವೃತ್ತ ಮೇಷ್ಟ್ರು. ಅಮ್ಮ ಮಾತಾಡಲಿಲ್ಲ. ಮಗ ಎದ್ದನೋ ಇಲ್ಲವೋ ಅಂತ ಮೊಬೈಲ್ ನೋಡುತ್ತಿದ್ದರು.

ಮಗನನ್ನು ಸಂದೀಪ ಅನ್ನೋಣ. 29 ವರ್ಷ. ಇಂಜಿನಿಯರಿಂಗ್‌ನಲ್ಲಿ ನಾಲ್ಕು ಸಬ್ಜೆಕ್ಟ್ ಉಳಿದುಹೋದವು. ಆಮೇಲೆ ಎರಡು ಕೆಲಸಕ್ಕೆ ಸೇರಿದ, ಎರಡನ್ನೂ ಬಿಟ್ಟ. ಮೂರು ವರ್ಷದಿಂದ ಮಹಡಿ ರೂಮಿನಲ್ಲೇ ಇದ್ದ. ರಾತ್ರಿಯಿಡೀ ಮೊಬೈಲ್ ಆಟ, ಮಧ್ಯಾಹ್ನ ಮೂರಕ್ಕೆ ಏಳೋದು. ಅಮ್ಮ ಊಟದ ತಟ್ಟೆಯನ್ನು ಬಾಗಿಲ ಹೊರಗಿನ ಸ್ಟೂಲ್ ಮೇಲಿಟ್ಟು, ಒಂದು ಸಲ ತಟ್ಟಿ ಇಳಿದುಬಿಡುತ್ತಿದ್ದರು. ಖಾಲಿ ತಟ್ಟೆ ಅದೇ ಸ್ಟೂಲಿಗೆ ವಾಪಸ್. ತಾಯಿ ಮಗನ ನಡುವೆ ಮಾತುಕತೆ ಅಂತ ಇದ್ದದ್ದು ಅಷ್ಟೇ. ಅಪ್ಪ ದುಡ್ಡು ಕೊಡದಿದ್ದರೆ ಬಾಗಿಲಿಗೆ ಗುದ್ದು ಬೀಳುತ್ತಿತ್ತು. ಅಮ್ಮ ಗುಟ್ಟಾಗಿ ಫೋನ್‌ಪೇ ಮಾಡುತ್ತಿದ್ದರು.

ನಾನು ಕೇಳಿದ್ದು ಎರಡೇ ಪ್ರಶ್ನೆ. ನಿಮ್ಮ ಮೇಲೆ ಕೈ ಮಾಡಿದ್ದಾನಾ? ಸಾಯುವ ಮಾತು ಆಡಿದ್ದಾನಾ? ಕೈ ಮಾಡಿಲ್ಲ ಅಂದರು. ಎರಡನೆಯದಕ್ಕೆ ಅಮ್ಮ ಅಪ್ಪನ ಮುಖ ನೋಡಿದರು. ದೀಪಾವಳಿ ಕಳೆದ ಮೇಲೆ ಒಂದು ದಿನ "ನಾನಿಲ್ದಿದ್ರೆ ನಿಮಗೆ ನೆಮ್ಮದಿ" ಅಂದಿದ್ದನಂತೆ. ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ.

ಮನೆ ಬಿಡಿಸುವ ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ಇಂಥ ಮಾತು ಆಡಿದವನನ್ನು ಬೀದಿಗೆ ಬಿಡುವ ಹಾಗಿಲ್ಲ, ಒಂಟಿ ರೂಮಿಗೆ ಕಳಿಸುವ ಹಾಗೂ ಇಲ್ಲ. ಮೊದಲು ಮನೋವೈದ್ಯರು ನೋಡಬೇಕು. ಅವನು ಬರಲ್ಲ ಅಂದರು. ಹಾಗಿದ್ದರೆ ಒಂದು ಚೀಟಿಯಲ್ಲಿ 14416 ಅಂತ ಬರೆದು ತಟ್ಟೆಯ ಪಕ್ಕ ಇಡಿ, ಬುದ್ಧಿಮಾತು ಬೇಡ ಅಂದೆ. ಅದು ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಹನ್ನೊಂದನೇ ದಿನ ರಾತ್ರಿ ಎರಡು ಗಂಟೆಗೆ ಸಂದೀಪ ಕರೆ ಮಾಡಿದ. ಅಲ್ಲಿಂದ ಜಿಲ್ಲಾಸ್ಪತ್ರೆಗೆ ಹೋದ. ಖಿನ್ನತೆ ಅಂತ ತಿಳಿಯಿತು, ಮಾತ್ರೆ ಶುರುವಾಯಿತು. ಇವು ಕೆಲಸ ಮಾಡೋಕೆ ಮೂರ್ನಾಲ್ಕು ವಾರವಾದರೂ ಬೇಕು. ಅಪ್ಪ ಒಂದೇ ವಾರಕ್ಕೆ ಫೋನ್ ಮಾಡಿ "ಏನೂ ಬದಲಾಗ್ಲಿಲ್ಲ" ಅಂದರು.

ಕಾನೂನಿನ ಬಗ್ಗೆಯೂ ಅವರು ಕೇಳಿದ್ದರು. ಹಿರಿಯ ನಾಗರಿಕರಿಗಾಗಿ 2007ರ ಕಾಯ್ದೆ ಇದೆ, ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಹಿರಿಯರ ರಕ್ಷಣೆಗೆ ಅಗತ್ಯ ಬಿದ್ದರೆ ಮನೆ ತೆರವು ಮಾಡಿಸಲೂಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಡೆತ ಬಡಿತ ಇರುವ ಮನೆಗೆ ನಾನೇ ಆ ದಾರಿ ಹೇಳುತ್ತೇನೆ, 112ಕ್ಕೆ ಕರೆ ಮಾಡಿ ಅಂತಲೂ ಹೇಳುತ್ತೇನೆ. ಈ ಮನೆಗೆ ಅದು ಬೇಕಿರಲಿಲ್ಲ.

ಐದು ತಿಂಗಳಾದ ಮೇಲೆ ಸಂದೀಪ ನನ್ನೆದುರು ಕೂತಿದ್ದ. ಅಷ್ಟರಲ್ಲಿ ಕೊರಿಯರ್ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ ಹಿಡಿದಿದ್ದ. "ನಾನು ಮೆಟ್ಟಿಲಿಳಿದ್ರೆ ಸಾಕು, ಅಪ್ಪ ಗಡಿಯಾರ ನೋಡ್ತಾರೆ ಮೇಡಂ. ನನಗೂ ಅಲ್ಲಿರೋದು ಬೇಡ." ಅಪ್ಪ ಮಗ ಇಬ್ಬರಿಗೂ ಬೇಕಾಗಿದ್ದು ಒಂದೇ. ಆದರೆ ಒಬ್ಬರು ಅದನ್ನು ಬೈದು ಹೇಳುತ್ತಿದ್ದರು, ಇನ್ನೊಬ್ಬ ಬಾಗಿಲಿಗೆ ಗುದ್ದಿ ಹೇಳುತ್ತಿದ್ದ. ವೈದ್ಯರೂ ಈಗ ಆಗಬಹುದು ಅಂದರು. ಎಲ್ಲರಿಗೂ ಒಂಟಿ ರೂಮು ಸರಿಹೋಗಲ್ಲ ಬಿಡಿ. ಕಾಯಿಲೆ ಜಾಸ್ತಿ ಇರುವವರಿಗೆ ನೋಡಿಕೊಳ್ಳುವವರಿರುವ ಹಾಫ್‌ವೇ ಹೋಮ್ ಬೇಕಾಗುತ್ತದೆ.

ಅಡ್ಡಿ ಬಂದದ್ದು ಅಮ್ಮನಿಂದ. "ಜನ ಏನಂತಾರೆ? ಇದೇ ಊರಲ್ಲಿ ಬೇರೆ ಮನೆ ಅಂದ್ರೆ!" ನನಗೆ ಆಶ್ಚರ್ಯವಾಗಲಿಲ್ಲ. ಮಗ ಬೆಂಗಳೂರಿಗೆ ಹೋದರೆ ಹೆಮ್ಮೆ, ಎರಡು ಕಿಲೋಮೀಟರ್ ಆಚೆ ಹೋದರೆ ಜಗಳ ಅಂತ ಅರ್ಥ. ಮಗಳಿಗಾದರೆ ಮಡಿಲು ತುಂಬಿ ಕಳಿಸುತ್ತೇವೆ. ಅತ್ತುಕೊಂಡಾದರೂ ಕಳಿಸುತ್ತೇವೆ, ಅಲ್ವಾ? ಗಂಡು ಮಗನಿಗೆ ಅಂಥ ಶಾಸ್ತ್ರವೇ ಇಲ್ಲ. ಅವನು ಹೊರಟರೆ ಒಂದೋ ಓಡಿಹೋದ, ಇಲ್ಲವೇ ಓಡಿಸಿದರು. ಇದನ್ನು ಅಮ್ಮನಿಗೆ ಹೇಳಿದಾಗ ಅವರು ಮೊದಲ ಸಲ ನಕ್ಕರು. ಕೇಳಿದವರಿಗೆ "ಗೋದಾಮಿನ ಹತ್ತಿರ ರೂಮ್ ಮಾಡಿದ್ದಾನೆ" ಅನ್ನಿ ಅಂದೆ. ಅದು ಸುಳ್ಳೂ ಅಲ್ಲ.

ಹೊರಡುವ ಮೊದಲು ಒಂದು ತಿಂಗಳು ಮನೆಯಲ್ಲೇ ತಾಲೀಮು ಮಾಡಿಸಿದೆ. ಆ ಸ್ಟೂಲನ್ನು ಕೆಳಗೆ ತನ್ನಿ ಅಂದೆ. ಮೊದಲ ದಿನ ಸಂದೀಪ ಸಂಜೆ ಆರರವರೆಗೆ ಏನೂ ತಿನ್ನಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಅತ್ತರು, ಆದರೆ ತಟ್ಟೆ ಮೇಲೆ ಒಯ್ಯಲಿಲ್ಲ. ಆರೂಕಾಲಿಗೆ ಅವನೇ ಇಳಿದು ಬಂದು ಅನ್ನ ಬಡಿಸಿಕೊಂಡ. ಆಮೇಲೆ ಕುಕ್ಕರ್ ಇಡೋದು, ಬಟ್ಟೆ ಒಗೆಯೋದು ಎಲ್ಲ ಕಲಿತ.

ದುಡ್ಡಿನ ಮಾತನ್ನು ಬಾಯಲ್ಲಿ ಬಿಡದೆ ಹಾಳೆಯಲ್ಲಿ ಬರೆಸಿದೆ. ಅಡ್ವಾನ್ಸ್ ಅಪ್ಪನದು. ಮೊದಲ ಆರು ತಿಂಗಳು ಬಾಡಿಗೆಯನ್ನು ಅಪ್ಪ ನೇರ ಓನರ್ ಖಾತೆಗೇ ಹಾಕಬೇಕು. ಮುಂದಿನ ಆರು ತಿಂಗಳು ಅರ್ಧರ್ಧ, ಆಮೇಲೆ ಪೂರ್ತಿ ಅವನದು. ಅಮ್ಮನ ಗುಟ್ಟಿನ ಫೋನ್‌ಪೇ ಬಂದ್. ಇನ್ನೊಂದು ಬೀಗದಕೈ ತನಗೆ ಬೇಕು ಅಂತ ಅಮ್ಮ ಹಟ ಹಿಡಿದರು. ಅವನು ಒಪ್ಪಲಿಲ್ಲ. "ನಾನಿಲ್ದಿದ್ರೆ" ಅಂದಿದ್ದ ಆ ಹಳೇ ಮಾತು ನನಗೂ ಮರೆತಿರಲಿಲ್ಲ. ಕೊನೆಗೆ ಆ ಬೀಗದಕೈ ಓನರ್ ಹತ್ತಿರ ಇರಲಿ, ಅವನು ಒಂದು ದಿನ ಪೂರ್ತಿ ಫೋನ್ ಎತ್ತದಿದ್ದರೆ ಮಾತ್ರ ಬಾಗಿಲು ತೆಗೆಯಬಹುದು ಅಂತಾಯಿತು. ಆ ಷರತ್ತನ್ನು ಅವನ ಕೈಯಲ್ಲೇ ಬರೆಸಿದೆ.

ಬಾಡಿಗೆ ರೂಮಿಗೆ ಹೋದ ಎರಡನೇ ತಿಂಗಳಲ್ಲಿ ಸಂದೀಪ ಮಾತ್ರೆ ಬಿಟ್ಟ. ಎಂಟು ದಿನ ವಾಪಸ್ ಬಂದು ಮಹಡಿ ರೂಮಿನಲ್ಲಿ ಮಲಗಿದ. "ನೋಡಿದ್ರಾ?" ಅಂದರು ಅಪ್ಪ. ನೋಡಿದೆ. ಇರಲಿ ಬಿಡಿ, ನೆಂಟನ ಹಾಗೆ ಇರಲಿ, ಆದರೆ ಆ ಬಾಡಿಗೆ ರೂಮನ್ನು ಖಾಲಿ ಮಾಡಬೇಡಿ ಅಂದೆ. ವೈದ್ಯರ ಹತ್ತಿರ ಹೋಗಿ ಮಾತ್ರೆ ಮತ್ತೆ ಶುರು ಮಾಡಿದ. ಒಂಬತ್ತನೇ ದಿನ ಹೊರಟ. ಅಮ್ಮ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿಕೊಟ್ಟರಂತೆ.

ಈಗ ಒಂಬತ್ತನೇ ತಿಂಗಳು. ಅರ್ಧ ಬಾಡಿಗೆ ಅವನದೇ. ಎರಡು ಸಲ ತಡವಾಗಿದೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾನೆ. ಅಪ್ಪ ಇನ್ನೂ ಆ ರೂಮಿನ ಕಡೆ ಹೋಗಿಲ್ಲ. ಕಳೆದ ವಾರ ನನಗೆ ಫೋನ್ ಮಾಡಿ, "ಅಲ್ಲಿ ಗೀಸರ್ ಇದೆಯಾ, ಮೇಡಂ?" ಅಂತ ಕೇಳಿದರು.

ಅವನನ್ನೇ ಕೇಳಿ ಸಾರ್, ಅಂದೆ.